ಮೊದಲ ಮ್ಯಾಂಟಿಸ್ ಯಾವುದು? ಚಂದ ನೋಡಿ ಅಲ್ಲ, ಮನೆ ನೋಡಿ ಆರಿಸಿ

"ಮ್ಯಾಂಟಿಸ್ ಸಾಕಬೇಕು ಅಂತಿದೀನಿ, ಯಾವುದನ್ನು ತರಲಿ?" ಹೀಗೆ ಕೇಳಿದವರಿಗೆಲ್ಲ ನಾನು ಮೊದಲು ಎರಡು ಮರುಪ್ರಶ್ನೆ ಹಾಕುತ್ತೇನೆ. ಈ ಸೂರ್ಯನ ಕುದುರೆ ಹುಳವನ್ನು ಇಡುವ ಕೋಣೆಯ ಗಾಳಿ ಒಣಗಿರುತ್ತದಾ, ತೇವವಾಗಿರುತ್ತದಾ? ಅದರ ಊಟಕ್ಕೆ ಮನೆಯೊಳಗೆ ನೊಣ ಬೆಳೆಸಲು ನೀವೂ ಮನೆಯವರೂ ತಯಾರಿದ್ದೀರಾ? ಹೆಚ್ಚಿನವರು ಈ ಪ್ರಶ್ನೆಗಳನ್ನು ನಿರೀಕ್ಷಿಸಿರುವುದಿಲ್ಲ. ಅವರ ಮನಸ್ಸಿನಲ್ಲಿ ಇರುವುದು ಎಲ್ಲೋ ನೋಡಿದ ಒಂದು ಫೋಟೋ. ಎಸಳಿನಂಥ ಕಾಲುಗಳು, ಬಿಳಿ-ಗುಲಾಬಿ ಮೈ, ಆರ್ಕಿಡ್ ಮ್ಯಾಂಟಿಸ್. ಅದು ಚಂದ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಸಲ ಸಾಕುವವರ ಕೈಯಲ್ಲಿ ಬೇಗ ಸಾಯುವ ಜಾತಿಗಳಲ್ಲಿ ಅದೂ ಒಂದು.

ಮ್ಯಾಂಟಿಸ್‌ಗಳಲ್ಲಿ ಸುಮಾರು 2,400 ಜಾತಿಗಳಿವೆ. ನೋಡಲು ಮಿಡತೆಯ ಹಾಗಿದ್ದರೂ ಹತ್ತಿರದ ನೆಂಟರು ಜಿರಲೆ ಮತ್ತು ಗೆದ್ದಲು. ಒಂದು ಜಾತಿ ಮರುಭೂಮಿಯ ಅಂಚಿನದು, ಇನ್ನೊಂದು ಸದಾ ಮಳೆ ಬೀಳುವ ಕಾಡಿನದು. ಹಾಗಾಗಿ "ಮ್ಯಾಂಟಿಸ್‌ಗೆ ಏನು ಬೇಕು" ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ಜಾತಿ ಅಂತ ಗೊತ್ತಾದ ಮೇಲಷ್ಟೇ ಉಳಿದ ಮಾತು.

ಎಲ್ಲವೂ ಪೊರೆ ಬಿಡುವ ಗಳಿಗೆಯ ಮೇಲೆ ನಿಂತಿದೆ

ಜಾತಿ, ಡಬ್ಬಿ, ಆಹಾರ ಯಾವುದನ್ನು ಹೋಲಿಸಿದರೂ ನಾನು ಅಳೆಯುವುದು ಒಂದೇ ಅಳತೆಗೋಲಿನಲ್ಲಿ: ಇದು ಪೊರೆ ಬಿಡುವುದಕ್ಕೆ ಅನುಕೂಲವೇ, ಅಡ್ಡಿಯೇ?

ಮ್ಯಾಂಟಿಸ್ ಮೊಟ್ಟೆಯಿಂದ ಹೊರಬಂದು ರೆಕ್ಕೆ ಬರುವ ತನಕ ಸಾಮಾನ್ಯವಾಗಿ 6ರಿಂದ 9 ಸಲ ಪೊರೆ ಕಳಚುತ್ತದೆ. ಜಾತಿಯ ಮೇಲೆ, ಗಂಡು ಹೆಣ್ಣಿನ ಮೇಲೆ ಈ ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಪೊರೆ ಬಿಡುವ ಮೊದಲು ಊಟ ಬಿಡುತ್ತದೆ. ಸಣ್ಣ ಮರಿ ಒಂದೆರಡು ದಿನ, ದೊಡ್ಡದು ಒಂದು ವಾರಕ್ಕೂ ಜಾಸ್ತಿ. ಕೊನೆಯ ಸಲ ಆಗಿದ್ದರೆ ಬೆನ್ನಿನ ಮೇಲಿನ ರೆಕ್ಕೆಮೊಗ್ಗುಗಳು ಊದಿಕೊಳ್ಳುತ್ತವೆ. ಆಮೇಲೆ ಅದು ಡಬ್ಬಿಯ ಚಾವಣಿಗೆ ಹೋಗಿ ತಲೆಕೆಳಗಾಗಿ ನೇತುಬೀಳುತ್ತದೆ.

ಒಮ್ಮೆ ಹತ್ತಿರ ಕೂತು ನೋಡಿದರೆ ಮರೆಯುವುದಿಲ್ಲ. ಮೊದಲು ಕುತ್ತಿಗೆಯ ಹಿಂದೆ ಹಳೆ ಚರ್ಮ ಸೀಳುತ್ತದೆ. ಅಲ್ಲಿಂದ ಎದೆ ಉಬ್ಬಿ ಬರುತ್ತದೆ, ನಂತರ ತಲೆ. ಕಾಲುಗಳು ಒಂದೊಂದಾಗಿ, ಒದ್ದೆ ದಾರ ಎಳೆದ ಹಾಗೆ, ಹಳೆ ಕಾಲಿನ ಕೊಳವೆಯಿಂದ ಜಾರುತ್ತವೆ. ಅಷ್ಟು ಹೊತ್ತೂ ಇಡೀ ಮೈ ತೂಗಾಡುವುದು ಖಾಲಿ ಪೊರೆಯ ಹಿಡಿತದಲ್ಲಿ. ಕೊನೆಗೆ ಹೊಟ್ಟೆಯ ತುದಿ ಮಾತ್ರ ಪೊರೆಗೆ ಅಂಟಿಕೊಂಡಿರುತ್ತದೆ, ಉಳಿದ ಮೈ ಅಲ್ಲಾಡದೆ ನೇತಾಡುತ್ತದೆ. ಸತ್ತೇ ಹೋಯಿತೇನೋ ಅನ್ನಿಸುತ್ತದೆ. ಮುಟ್ಟಲು ಹೋಗಬೇಡಿ. ಕಾಲು ಸ್ವಲ್ಪ ಗಟ್ಟಿಯಾದ ಮೇಲೆ ಅದೇ ಮೈ ಮೇಲಕ್ಕೆ ಬಾಗಿಸಿ ಪೊರೆಯನ್ನೇ ಹಿಡಿದುಕೊಳ್ಳುತ್ತದೆ. ಹೊಟ್ಟೆಯ ತುದಿಯನ್ನೂ ಎಳೆದುಕೊಂಡು ಪೂರ್ತಿ ಹೊರಬರುತ್ತದೆ.

ಇದಕ್ಕೆ ಬೇಕಾದ್ದು ಮೂರು. ಉಗುರು ಸಿಕ್ಕಿಸಿ ಹಿಡಿಯಲು ಒರಟಾದ ಚಾವಣಿ. ಕೆಳಗೆ ಮೈಯಷ್ಟೇ ಉದ್ದ ಮತ್ತೊಮ್ಮೆ ಇಳಿಯಲು ಜಾಗ. ಹಳೆ ಚರ್ಮ ಅಂಟದಂತೆ ಜಾತಿಗೆ ತಕ್ಕ ತೇವ. ಒಂದು ತಪ್ಪಿದರೂ ಅದು ಬೀಳುತ್ತದೆ. ಆಗ ಮೇಣದಷ್ಟು ಮೆದುವಾಗಿರುವ ಕಾಲುಗಳು ಬಿದ್ದ ಹಾಗೆಯೇ ಬಾಗಿ, ಬಾಗಿದ ಹಾಗೆಯೇ ಗಟ್ಟಿಯಾಗುತ್ತವೆ.

ನಾನು ಸಾಕಿದ ಎರಡನೇ ಮ್ಯಾಂಟಿಸ್‌ಗೆ ಹೀಗೇ ಆಯಿತು. 7 ಸೆಂಟಿಮೀಟರ್ ಉದ್ದದ ಹೆಣ್ಣು, ಕೊನೆಯ ಪೊರೆ ಬಾಕಿ ಇತ್ತು. ನಾನು ಇಟ್ಟಿದ್ದ ಜಾಡಿ 12 ಸೆಂಟಿಮೀಟರ್ ಎತ್ತರ, ಅದರಲ್ಲಿ ತಳದ ಮಣ್ಣೇ 2 ಸೆಂಟಿಮೀಟರ್ ತಿಂದಿತ್ತು. ಬೆಳಗ್ಗೆ ನೋಡಿದರೆ ತಲೆ ನೆಲಕ್ಕೆ ತಾಗಿ, ಬಲ ಮುಂಗಾಲು ಕೊಕ್ಕೆಯಂತೆ ಬಾಗಿ ಕೂತಿತ್ತು. ರೆಕ್ಕೆ ಮುದುಡಿ ಕಾಗದದ ಉಂಡೆಯಾಗಿತ್ತು. ಎರಡು ತಿಂಗಳು ಚಿಮುಟದಿಂದ ಬಾಯಿಗೆ ಹಿಡಿದು ತಿನ್ನಿಸಿದೆ. ಇನ್ನೊಂದು 10 ಸೆಂಟಿಮೀಟರ್ ಎತ್ತರ ಇದ್ದಿದ್ದರೆ ಅದು ತನ್ನ ಊಟ ತಾನೇ ಹಿಡಿಯುತ್ತಿತ್ತು. ಆ ಬೇಜಾರು ಇನ್ನೂ ಹೋಗಿಲ್ಲ.

ಜಾತಿಗಳು: ಯಾರಿಗೆ ಯಾವುದು

ಏಷ್ಯಾದ ದೊಡ್ಡ ಮ್ಯಾಂಟಿಸ್, ಹೆಸರು ಹೈರೊಡುಲಾ ಮೆಂಬ್ರನೇಸಿಯಾ. ಮೊದಲ ಸಲದವರಿಗೆ ನನ್ನ ಮೊದಲ ಆಯ್ಕೆ ಇದು. ಹೆಣ್ಣು 8ರಿಂದ 9 ಸೆಂಟಿಮೀಟರ್ ಬೆಳೆಯುತ್ತದೆ. ಹಸಿರು ಅಥವಾ ಕಂದು, ಬಣ್ಣದಲ್ಲಿ ವಿಶೇಷ ಏನಿಲ್ಲ. ಆದರೆ ಸ್ವಭಾವದಲ್ಲಿ ಇದನ್ನು ಮೀರಿಸುವುದು ಕಷ್ಟ. 22ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗೆ ಎಲ್ಲಿಟ್ಟರೂ ಬದುಕುತ್ತದೆ. ತೇವ ಒಂದಿಷ್ಟು ಹೆಚ್ಚು ಕಡಿಮೆ ಆದರೂ ತಡೆದುಕೊಳ್ಳುತ್ತದೆ. ನೊಣ, ಜಿರಲೆ, ಚಿಮ್ಮಂಡೆ (ಕ್ರಿಕೆಟ್ ಹುಳ), ಕೊಟ್ಟದ್ದನ್ನು ತಿನ್ನುತ್ತದೆ. ನೀವು ಕೋಣೆಯೊಳಗೆ ಓಡಾಡಿದರೆ ತಲೆ ತಿರುಗಿಸಿ ನೋಡುತ್ತಲೇ ಇರುತ್ತದೆ. ಕಣ್ಣಿನಲ್ಲಿ ಕಾಣುವ ಕಪ್ಪು ಚುಕ್ಕೆ ನಿಮ್ಮನ್ನೇ ಹಿಂಬಾಲಿಸಿದ ಹಾಗಿರುತ್ತದೆ. ಅದು ನಿಜವಾದ ಪಾಪೆ ಅಲ್ಲ. ನಿಮ್ಮ ಕಡೆಗೆ ನೇರ ಮುಖ ಮಾಡಿದ ಸಣ್ಣ ಕಣ್ಣುಗಳು ಬೆಳಕು ಹಿಂತಿರುಗಿಸದೆ ಕಪ್ಪಾಗಿ ಕಾಣುತ್ತವೆ, ಅಷ್ಟೇ. ಗೊತ್ತಿದ್ದರೂ ಆ ನೋಟಕ್ಕೆ ಮನಸ್ಸು ಕರಗುತ್ತದೆ. ಆಫ್ರಿಕಾದ ಸ್ಫೋಡ್ರೊಮ್ಯಾಂಟಿಸ್ ಕೂಡ ಸುಮಾರಾಗಿ ಇದೇ ಗುಣದ್ದು. ಎರಡರಲ್ಲಿ ಯಾವುದು ಆರೋಗ್ಯವಾಗಿ ಸಿಗುತ್ತದೋ ಅದನ್ನು ತನ್ನಿ.

ಘೋಸ್ಟ್ ಮ್ಯಾಂಟಿಸ್, ಅಂದರೆ ಫಿಲೊಕ್ರೇನಿಯಾ ಪ್ಯಾರಡಾಕ್ಸಾ, ಆಫ್ರಿಕಾ ಮತ್ತು ಮಡಗಾಸ್ಕರ್‌ನದು. ಸುಮಾರು 5 ಸೆಂಟಿಮೀಟರ್. ಮುದುಡಿದ ಒಣ ಎಲೆಯೇ ಎದ್ದು ನಡೆದ ಹಾಗೆ, ತಲೆಯ ಮೇಲೆ ಸೊಟ್ಟ ಕಿರೀಟ ಬೇರೆ. ಜಾಗ ಕಡಿಮೆ ಇದ್ದವರಿಗೆ, ದೊಡ್ಡ ಹುಳ ಕಂಡರೆ ಮೈ ಜುಮ್ ಅನ್ನುವವರಿಗೆ ಇದು ಸರಿ. ತೇವದ ವಿಷಯದಲ್ಲಿ ಹೆಚ್ಚು ಕಾಡುವುದಿಲ್ಲ. ಒಂದು ಕೊರತೆ ಎಂದರೆ ಇದು ಅಂಜುಬುರುಕ. ದೊಡ್ಡ ಚಿಮ್ಮಂಡೆ ಎದುರು ಬಂದರೆ ಬೇಟೆಯಾಡುವ ಬದಲು ಹಿಂದೆ ಸರಿಯುತ್ತದೆ. ಸಣ್ಣ, ಹಾರುವ ಆಹಾರ ಬೇಕು. ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತದೆ. ನೋಡುವಾಗ ಏನಾದರೂ ನಡೆಯುತ್ತಿರಬೇಕು ಅನ್ನುವವರಿಗೆ ಇದು ಬೇಸರ ತರಬಹುದು. ನನಗೆ ಆ ನಿಶ್ಚಲತೆಯೇ ಇಷ್ಟ.

ಚೀನಾದ ಟೆನೊಡೆರಾ ಸಿನೆನ್ಸಿಸ್ ಮತ್ತು ಯೂರೋಪಿನ ಮ್ಯಾಂಟಿಸ್ ರಿಲಿಜಿಯೋಸಾ ಗಟ್ಟಿ ಜಾತಿಗಳು, ಕೋಣೆಯ ಸಾಮಾನ್ಯ ಹವೆಯಲ್ಲಿ ಬೆಳೆಯುತ್ತವೆ. ಎರಡೂ ಅಮೆರಿಕಕ್ಕೆ ಹೊರಗಿನಿಂದ ಬಂದವು. ಚೀನಾದ್ದು 1896ರಲ್ಲಿ ಫಿಲಡೆಲ್ಫಿಯಾ ಹತ್ತಿರ ಕಾಣಿಸಿಕೊಂಡಿತು, ಯೂರೋಪಿನದು 1899ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ. ಯೂರೋಪಿನದನ್ನು 1977ರಲ್ಲಿ ಕನೆಕ್ಟಿಕಟ್ ತನ್ನ ರಾಜ್ಯಕೀಟವೆಂದೇ ಆರಿಸಿಕೊಂಡಿತು! ಹೊರಗಿನಿಂದ ಬಂದ ಹುಳ ಒಂದು ನೆಲದಲ್ಲಿ ಎಷ್ಟು ಗಟ್ಟಿಯಾಗಿ ಬೇರೂರುತ್ತದೆ ನೋಡಿ. ಸಾಕಿದ ಪರದೇಶಿ ಜಾತಿಯನ್ನು ತೋಟಕ್ಕೆ ಬಿಡಬೇಡಿ ಅನ್ನುವುದು ಇದಕ್ಕೇ.

ಇನ್ನು ಆರ್ಕಿಡ್ ಮ್ಯಾಂಟಿಸ್, ಹೈಮೆನೋಪಸ್ ಕೊರೊನೇಟಸ್. ಆಗ್ನೇಯ ಏಷ್ಯಾದ ಮಳೆಕಾಡಿನದು. 25ರಿಂದ 30 ಡಿಗ್ರಿ ಶಾಖ, 60ರಿಂದ 80 ಶೇಕಡಾ ತೇವ, ಅದರ ಜೊತೆಗೆ ಗಾಳಿಯೂ ಆಡುತ್ತಿರಬೇಕು. ಕಷ್ಟ ಇರುವುದು ಈ ಕೊನೆಯ ಮಾತಿನಲ್ಲಿ. ತೇವ ಹಿಡಿದಿಡಲು ಡಬ್ಬಿ ಮುಚ್ಚಿದರೆ ಬೂಸ್ಟು ಬರುತ್ತದೆ. ಗಾಳಿಗೆ ತೆರೆದರೆ ಒಣಗಿ ಪೊರೆ ಅಂಟುತ್ತದೆ. ಈ ಎರಡರ ನಡುವೆ ಹದ ಹಿಡಿಯುವುದು ಕೈಗೆ ಅಭ್ಯಾಸ ಆಗಬೇಕಾದ ಕೆಲಸ. ಜೊತೆಗೆ ಇದು ಹಾರುವ ಹುಳಗಳನ್ನೇ ಇಷ್ಟಪಡುತ್ತದೆ. ನಿಮ್ಮ ಕೋಣೆ ವರ್ಷವಿಡೀ ಬೆಚ್ಚಗೆ, ತೇವವಾಗಿ ಇರುತ್ತದೆ, ನೊಣದ ಪೂರೈಕೆ ನಿಲ್ಲುವುದಿಲ್ಲ ಅಂದರೆ ಧೈರ್ಯ ಮಾಡಿ. ಇಲ್ಲವಾದರೆ ಹೂವಿನ ಮ್ಯಾಂಟಿಸ್ ಆಸೆಯನ್ನು ಕ್ರಿಯೊಬ್ರೋಟರ್ ಜಾತಿಯಿಂದ ತೀರಿಸಿಕೊಳ್ಳಿ. 3-4 ಸೆಂಟಿಮೀಟರಿನ ಪುಟ್ಟ ಹುಳ, ರೆಕ್ಕೆಯ ಮೇಲೆ ಕಣ್ಣಿನಂಥ ಗುರುತು, ಚುರುಕು ಬೇಟೆಗಾರ. ತಪ್ಪುಗಳನ್ನು ಆರ್ಕಿಡ್‌ಗಿಂತ ಹೆಚ್ಚು ಸಹಿಸುತ್ತದೆ.

ಪಿಟೀಲು ಮ್ಯಾಂಟಿಸ್ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು, ಯಾಕೆಂದರೆ ಇದು ಎಲ್ಲ ನಿಯಮಕ್ಕೂ ಉಲ್ಟಾ. ಗಾಂಗೈಲಸ್ ಗಾಂಗೈಲೋಡಿಸ್ ಎಂಬ ಈ ಜಾತಿ ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದು. ಕಡ್ಡಿಯಂಥ ಉದ್ದ ಕುತ್ತಿಗೆ, ಕಾಲಿನ ಗಂಟುಗಳಲ್ಲಿ ಎಲೆಯಂಥ ಅಂಚು, ಸುಮ್ನೆ ಕೂತಾಗಲೂ ಗಾಳಿಗೆ ತೂಗುವ ಹಾಗೆ ಅಲ್ಲಾಡುತ್ತದೆ. ಇದಕ್ಕೆ ಬಿಸಿಲಿನಂಥ ಶಾಖ ಬೇಕು, ಹಗಲಲ್ಲಿ 30 ಡಿಗ್ರಿಗೂ ಮೇಲೆ. ಗಾಳಿ ಒಣಗಿರಬೇಕು. ಒದ್ದೆ ಡಬ್ಬಿಯಲ್ಲಿಟ್ಟರೆ ಕೊರಗುತ್ತದೆ. ತಿನ್ನುವುದು ಹೆಚ್ಚುಕಮ್ಮಿ ಹಾರುವ ಹುಳಗಳನ್ನು ಮಾತ್ರ, ನೆಲದ ಮೇಲೆ ಹರಿದಾಡುವ ಜಿರಲೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಬಿಸಿ, ಒಣ ಕೋಣೆ ಇರುವವರು ಆರ್ಕಿಡ್‌ಗೆ ತೇವ ಒದಗಿಸಲು ಒದ್ದಾಡುವುದಕ್ಕಿಂತ ಇದನ್ನು ಯೋಚಿಸಬಹುದು. ಆದರೆ ಮೊದಲನೆಯದಾಗಿ ಅಲ್ಲ, ನೊಣ ಸಾಕುವುದು ಕೈಗೆ ಬಂದ ಮೇಲೆ.

ಒಣಎಲೆ ಮ್ಯಾಂಟಿಸ್, ಡೆರೊಪ್ಲಾಟಿಸ್, ಎರಡನೇ ಸಲಕ್ಕೆ ಒಳ್ಳೆಯದು. ತೇವ ಬೇಕು, ಸ್ವಭಾವ ಸಮಾಧಾನ. ಹೆದರಿದರೆ ಕಾಲು ಚಾಚಿ ಸತ್ತ ಎಲೆಯಂತೆ ಬಿದ್ದುಬಿಡುತ್ತದೆ, ಗಾಬರಿಯಾಗಬೇಡಿ. ಇಡೊಲೊಮ್ಯಾಂಟಿಸ್ ಡಯಾಬೊಲಿಕಾ ಎಂಬ ಆಫ್ರಿಕಾದ ದೈತ್ಯ ಜಾತಿಯ ಫೋಟೋ ನೋಡಿ ಮರುಳಾಗದವರಿಲ್ಲ. ಜಾಸ್ತಿ ಶಾಖ, ದೊಡ್ಡ ಗೂಡು, ಚಾವಣಿ ತುಂಬ ಒರಟು ಹಿಡಿತ, ತಿಂಗಳುಗಟ್ಟಲೆ ಹಾರುವ ನೊಣ. ಕೊನೆಯ ಪೊರೆಗಳಲ್ಲಿ ಬಿದ್ದು ಹೋಗುವುದು ಅನುಭವಿಗಳ ಮನೆಯಲ್ಲೂ ನಡೆಯುತ್ತದೆ. ಅದನ್ನು ಈಗ ಬಿಡಿ.

ಮೊಟ್ಟೆಗೂಡು ತರಬೇಕಾ, ಮರಿ ತರಬೇಕಾ?

ಮೊಟ್ಟೆಗೂಡು ಅಂದರೆ ಊಥೀಕ. ಹೆಣ್ಣು ನೊರೆಯಂತೆ ಹಾಕಿ, ಅದು ಗಟ್ಟಿಯಾಗಿ ಸ್ಪಂಜಿನ ತುಂಡಿನಂತೆ ಕಾಣುವ ಪೊಟ್ಟಣ. ಒಂದನ್ನು ತಂದರೆ ಕಡಿಮೆ ಖರ್ಚಿನಲ್ಲಿ ತುಂಬ ಮ್ಯಾಂಟಿಸ್ ಸಿಕ್ಕಂತೆ ಅನ್ನಿಸುತ್ತದೆ. ಮೊದಲ ಸಲದವರು ಬೀಳುವ ದೊಡ್ಡ ಗುಂಡಿ ಇದೇ. ದೊಡ್ಡ ಜಾತಿಗಳ ಒಂದು ಗೂಡಿನಿಂದ ನೂರು, ಇನ್ನೂರು ಮರಿಗಳು ಬರಬಹುದು, ಅದೂ ಹೆಚ್ಚಾಗಿ ಒಂದೇ ಬೆಳಗ್ಗೆ. ಸೊಳ್ಳೆಯಷ್ಟು ತೆಳ್ಳಗಿನ ಮರಿಗಳು. ಒಂದೆರಡು ದಿನದೊಳಗೆ ಅವಕ್ಕೆಲ್ಲ ಹಣ್ಣುನೊಣ ಬೇಕು. ಸಿಗದಿದ್ದರೆ ಪಕ್ಕದ ಮರಿಯನ್ನೇ ತಿನ್ನುತ್ತವೆ. ಗೂಡು ಯಾವತ್ತು ಒಡೆಯುತ್ತದೆ ಅನ್ನುವುದೂ ಹೇಳಿ ಬರುವುದಿಲ್ಲ. ಬೆಚ್ಚಗಿನ ನಾಡಿನ ಜಾತಿಗಳಲ್ಲಿ ನಾಲ್ಕರಿಂದ ಎಂಟು ವಾರ ಅಂತ ಒಂದು ಅಂದಾಜು. ಚಳಿ ನಾಡಿನ ಯೂರೋಪಿನ ಮ್ಯಾಂಟಿಸ್ ಗೂಡಿಗೆ ನಡುವೆ ಚಳಿಗಾಲ ಕಳೆಯಬೇಕು.

ಈಗ ತಾನೇ ಹುಟ್ಟಿದ ಒಂದೆರಡು ಮರಿ ತರುವುದೂ ಅಷ್ಟು ಸುರಕ್ಷಿತ ಅಲ್ಲ. ಮೊದಲ ಎರಡು ಪೊರೆಗಳಲ್ಲಿ ಮರಿಗಳು ಸಾಯುವುದು ಸಾಮಾನ್ಯ. ನೀರಿನ ಒಂದು ದೊಡ್ಡ ಹನಿಗೆ ಸಿಕ್ಕಿಕೊಂಡು ಮುಳುಗುವಷ್ಟು ಸಣ್ಣವು ಅವು.

ಇನ್ನೊಂದು ತುದಿಯಲ್ಲಿ ರೆಕ್ಕೆ ಬಂದ ದೊಡ್ಡ ಮ್ಯಾಂಟಿಸ್. ಪೊರೆಯ ಭಯ ಇಲ್ಲ, ತಂದ ದಿನದಿಂದ ಚಂದ. ಆದರೆ ಅದರ ಬಾಳಿನ ಹೆಚ್ಚಿನ ಭಾಗ ಮುಗಿದಿದೆ. ಉಳಿದಿರುವುದು ಕೆಲವು ತಿಂಗಳು, ಗಂಡಾದರೆ ಇನ್ನೂ ಕಡಿಮೆ.

ಹಾಗಾಗಿ ನಡುವಿನದು ಒಳ್ಳೆಯದು. ಮೂರು ನಾಲ್ಕು ಸಲ ಪೊರೆ ಬಿಟ್ಟ ಮರಿ. ಕೇಳುವಾಗ "ಎಲ್-4" ಅಥವಾ "ಎಲ್-5" ಎಂದು ಕೇಳಿ, ಸಾಕುವವರ ಮಾತಿನಲ್ಲಿ ಅದು ಮರಿಯ ಹಂತ. ಮೊಟ್ಟೆಯಿಂದ ಬಂದ ಕೂಡಲೇ ಇರುವುದು ಎಲ್-1, ಪ್ರತಿ ಪೊರೆಗೂ ಒಂದು ಸಂಖ್ಯೆ ಹೆಚ್ಚುತ್ತದೆ. ಈ ಹಂತದ ಮರಿ ಹಿಡಿದು ತಿನ್ನುವುದನ್ನು ಕಲಿತಿರುತ್ತದೆ. ನಿಮ್ಮೆದುರೇ ಎರಡು ಮೂರು ಸಲ ಪೊರೆ ಬಿಟ್ಟು ದೊಡ್ಡದಾಗುತ್ತದೆ. ಆರಿಸುವಾಗ ಆರೂ ಕಾಲು ಇವೆಯೇ, ಹೊಟ್ಟೆ ಕಪ್ಪಾಗಿ ಮೆತ್ತಗಾಗಿಲ್ಲವೇ, ಬಾಯಲ್ಲಿ ಕಂದು ನೀರು ಇಲ್ಲವೇ ಅಂತ ನೋಡಿ. ಒಂದು ಕಾಲು ಇಲ್ಲದಿದ್ದರೂ ಹೆದರಬೇಡಿ, ಮುಂದಿನ ಪೊರೆಗಳಲ್ಲಿ ಅದು ಮತ್ತೆ ಬೆಳೆಯಬಹುದು. ಹೊಟ್ಟೆ ಕಪ್ಪಾಗಿದ್ದರೆ ಮಾತ್ರ ಬೇಡ.

ಹೊರಗಿನ ಗಿಡದಲ್ಲಿ ಸಿಕ್ಕದ್ದನ್ನು ತಂದು ಸಾಕಬಹುದಾ? ಆಗುತ್ತದೆ, ಸ್ಥಳೀಯ ಕಾನೂನು ಒಪ್ಪಿದರೆ. ಅದರ ಹೊಟ್ಟೆಯೊಳಗೆ ಕುದುರೆಕೂದಲು ಹುಳು ಎಂಬ ಪರಾವಲಂಬಿ ಇರಬಹುದು, ಕೀಟನಾಶಕ ತಿಂದ ಹುಳವನ್ನು ಅದು ತಿಂದಿರಬಹುದು. ಮನೆಯಲ್ಲೇ ಬೆಳೆಸಿದ ಮರಿಯ ವಯಸ್ಸು, ತಿಂದದ್ದು ಎಲ್ಲ ಗೊತ್ತಿರುತ್ತದೆ. ಪರದೇಶಿ ಜಾತಿ ಇಟ್ಟುಕೊಳ್ಳಲು ಕೆಲವು ದೇಶಗಳಲ್ಲಿ ಅನುಮತಿ ಬೇಕು, ತರುವ ಮೊದಲೇ ವಿಚಾರಿಸಿ.

ಗಂಡೋ ಹೆಣ್ಣೋ

ಹೊಟ್ಟೆಯ ಅಡಿಭಾಗದ ಪಟ್ಟಿಗಳನ್ನು ಎಣಿಸಿ. ಹೆಣ್ಣಿಗೆ ಕಾಣುವುದು 6, ಗಂಡಿಗೆ 8. ದೊಡ್ಡ ಮರಿಗಳಲ್ಲಿ ಕಣ್ಣಿಗೇ ಗೊತ್ತಾಗುತ್ತದೆ, ಸಣ್ಣವಕ್ಕೆ ಭೂತಗನ್ನಡಿ ಬೇಕು.

ಒಂದೇ ಸಾಕುವುದಾದರೆ ಹೆಣ್ಣು. ದೊಡ್ಡದಾಗುತ್ತದೆ, ಜಾಸ್ತಿ ಬದುಕುತ್ತದೆ, ಹಸಿವು ಜೋರು. ಆರ್ಕಿಡ್ ಜಾತಿಯಲ್ಲಂತೂ ಹೆಣ್ಣು 6ರಿಂದ 7 ಸೆಂಟಿಮೀಟರ್ ಇದ್ದರೆ ಗಂಡು 3 ಸೆಂಟಿಮೀಟರ್ ಕೂಡ ದಾಟುವುದು ಕಷ್ಟ. ಗಂಡು ತೆಳ್ಳಗೆ, ಚುರುಕು. ರೆಕ್ಕೆ ಬಂದ ಮೇಲೆ ಡಬ್ಬಿ ತೆರೆದರೆ ಹಾರಿಹೋಗುತ್ತದೆ. ಗಂಡಿನ ಜೊತೆ ಕೂಡದ ಹೆಣ್ಣೂ ಮೊಟ್ಟೆಗೂಡು ಹಾಕುತ್ತದೆ ಎಂಬುದು ಮೊದಲೇ ತಿಳಿದಿರಲಿ. ಆ ಗೂಡುಗಳಿಂದ ಮರಿ ಬರುವುದು ತೀರ ಅಪರೂಪ. ಹೊಟ್ಟೆ ಊದಿ, ಊಟ ಬಿಟ್ಟು, ಡಬ್ಬಿಯೊಳಗೆ ಮೇಲೆ ಕೆಳಗೆ ಓಡಾಡಿದರೆ ಕಾಯಿಲೆ ಅಂತ ಹೆದರಬೇಡಿ. ಮೊಟ್ಟೆಗೂಡು ಹಾಕಲು ಒಂದು ಒರಟು ಕಡ್ಡಿ ಇಡಿ.

ಗೂಡು: ಬಲೆ, ಗಾಜು, ಪ್ಲಾಸ್ಟಿಕ್

ಅಳತೆ ಮೊದಲು. ಎತ್ತರ ಮ್ಯಾಂಟಿಸ್‌ನ ಉದ್ದದ ಮೂರು ಪಟ್ಟು, ಅಗಲ ಎರಡು ಪಟ್ಟು. ಅಳೆಯುವುದು ತಳದ ಮಣ್ಣಿನ ಮೇಲಿಂದ, ನನ್ನ ಹಾಗೆ ಡಬ್ಬಿಯ ಹೊರಗಿನಿಂದ ಅಲ್ಲ. ಇನ್ನೂ ದೊಡ್ಡದಾದರೆ ಒಳ್ಳೆಯದಲ್ಲವಾ ಅಂತ ಕೇಳುತ್ತಾರೆ. ದೊಡ್ಡ ಮ್ಯಾಂಟಿಸ್‌ಗೆ ಹೌದು. ಸಣ್ಣ ಮರಿಗೆ ಅಲ್ಲ. ದೊಡ್ಡ ಗೂಡಿನಲ್ಲಿ ಮರಿಗೆ ನೊಣವೇ ಸಿಗುವುದಿಲ್ಲ.

ಬಲೆಯ ಗೂಡಿನಲ್ಲಿ ಎಲ್ಲಿ ಕಾಲಿಟ್ಟರೂ ಹಿಡಿತ, ಗಾಳಿ ಧಾರಾಳ. ಪೊರೆಗೆ ಇದರಷ್ಟು ಸುರಕ್ಷಿತವಾದದ್ದು ಇನ್ನೊಂದಿಲ್ಲ. ಆದರೆ ನೀರು ಸಿಂಪಡಿಸಿದ ಗಂಟೆಯೊಳಗೆ ಒಣಗುತ್ತದೆ. ಪಿಟೀಲು ಮ್ಯಾಂಟಿಸ್‌ಗೆ ಹೇಳಿ ಮಾಡಿಸಿದ ಹಾಗಿದೆ. ಹೈರೊಡುಲಾಗೂ ಸಾಕು. ಆರ್ಕಿಡ್‌ಗೆ ಒಣಹವೆಯ ಮನೆಯಲ್ಲಿ ಸಾಲದು. ಕಬ್ಬಿಣದ ಒರಟು ಜಾಲರಿಗಿಂತ ಮೆದು ಪ್ಲಾಸ್ಟಿಕ್ ಅಥವಾ ಬಟ್ಟೆಯ ಬಲೆ ವಾಸಿ, ಪಾದದ ತುದಿ ಸವೆಯುವುದಿಲ್ಲ. ಚಿಮ್ಮಂಡೆಗಳು ಮಾತ್ರ ಬಟ್ಟೆಯನ್ನು ಕಡಿದು ಹೊರಬರುತ್ತವೆ.

ಗಾಜಿನ ಗೂಡು ನೋಡಲು ಚಂದ, ತೇವ ಹಿಡಿದಿಡುತ್ತದೆ. ಗಾಜಿನ ಗೋಡೆಯಲ್ಲಿ ಸಣ್ಣ ಮರಿಗಳು ನಡೆಯುತ್ತವೆ, ಭಾರವಾದ ದೊಡ್ಡ ಹೆಣ್ಣುಗಳು ಜಾರುತ್ತವೆ. ಚಾವಣಿ ಬಲೆಯದೇ ಆಗಿರಬೇಕು. ಗಾಜಿನ ಮುಚ್ಚಳ ಇದ್ದರೆ ಅದಕ್ಕೆ ಒಳಗಿನಿಂದ ಬಲೆ ಅಂಟಿಸಿ. ಪಕ್ಕದಿಂದ ಬಾಗಿಲು ತೆರೆಯುವ ಗೂಡೇ ತನ್ನಿ. ಮೇಲಿನಿಂದ ಮುಚ್ಚಳ ಎತ್ತುವ ಗೂಡಿನಲ್ಲಿ ಪೊರೆ ಬಿಡುತ್ತಾ ನೇತಾಡುವ ಹುಳವನ್ನೇ ಎತ್ತಿದ ಹಾಗಾಗುತ್ತದೆ. ಪೇಟೆಯಲ್ಲಿ ಚಂದದ ಗೂಡುಗಳಲ್ಲಿ ಹಲವು ಹೀಗೆಯೇ ಇರುತ್ತವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಪ್ಲಾಸ್ಟಿಕ್ ಲೋಟ, ಮುಚ್ಚಳದ ಬದಲು ಬಟ್ಟೆ: ಮರಿಗಳಿಗೆ ಇದಕ್ಕಿಂತ ಹೆಚ್ಚು ಬೇಡ. ಬಟ್ಟೆಯ ಮೇಲೆಯೇ ನೀರು ಸಿಂಪಡಿಸಬಹುದು, ಹನಿಗಳನ್ನು ಅಲ್ಲಿಂದಲೇ ಕುಡಿಯುತ್ತದೆ. ಬಟ್ಟಲಲ್ಲಿ ನೀರು ಇಡಬೇಕಾಗಿಲ್ಲ.

ಆಹಾರ: ಯಾರೂ ಮೊದಲು ಯೋಚಿಸದ ವಿಷಯ

ಮ್ಯಾಂಟಿಸ್ ಸಾಕುವುದು ಅಂದರೆ ನಿಜವಾಗಿ ಅದರ ಊಟವನ್ನು ಸಾಕುವುದು. ಸತ್ತ ಹುಳ ಇಟ್ಟರೆ ಅದಕ್ಕೆ ಊಟ ಅಂತ ಗೊತ್ತೇ ಆಗುವುದಿಲ್ಲ. ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಮ್ಯಾಂಟಿಸ್‌ಗಳಿಗೆ ಜೇನುಮೇಣದಿಂದ ಪುಟ್ಟ 3ಡಿ ಕನ್ನಡಕ ಅಂಟಿಸಿ ಪರೀಕ್ಷೆ ಮಾಡಿದರು. ದೂರವನ್ನು ಎರಡೂ ಕಣ್ಣಿನಿಂದ ಅಳೆಯುವ ಶಕ್ತಿ ಅವಕ್ಕಿದೆ, ಆದರೆ ಆ ಅಳತೆ ನಡೆಯುವುದು ಚಿತ್ರದಲ್ಲಿ ಬದಲಾಗುವ ಜಾಗದಲ್ಲಿ ಮಾತ್ರ ಎಂದು 2018ರಲ್ಲಿ ಪ್ರಕಟಿಸಿದರು. ಅಲ್ಲಾಡದ್ದು ಅದರ ಪಾಲಿಗೆ ಬೇಟೆಯೇ ಅಲ್ಲ. ಚಿಮುಟದಲ್ಲಿ ಹಿಡಿದ ನೊಣವನ್ನು ಮೆಲ್ಲಗೆ ನಡುಗಿಸಿದರೆ ತಲೆ ತಟ್ಟನೆ ತಿರುಗುವುದು ಇದಕ್ಕೇ.

ಗಾತ್ರದ ನಿಯಮ ಸರಳ: ಬೇಟೆ ಮ್ಯಾಂಟಿಸ್‌ನ ಅರ್ಧದಷ್ಟು ಉದ್ದ ಮೀರಬಾರದು.

ಮರಿಗಳಿಗೆ ಹಣ್ಣುನೊಣಕ್ಕೆ ಬದಲಿ ಇಲ್ಲ. ಹಾರಲಾರದ ಎರಡು ಬಗೆ ಸಿಗುತ್ತವೆ. ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಸುಮಾರು 2 ಮಿಲಿಮೀಟರ್, ಎರಡು ವಾರದೊಳಗೆ ಹೊಸ ತಲೆಮಾರು ಬರುತ್ತದೆ. ಡ್ರೊಸೊಫಿಲಾ ಹೈಡಿ ಅದಕ್ಕಿಂತ ದೊಡ್ಡದು, ಸುಮಾರು 3 ಮಿಲಿಮೀಟರ್, ಆದರೆ ಮೂರು ನಾಲ್ಕು ವಾರ ಬೇಕು. ಎಲ್-1, ಎಲ್-2ಕ್ಕೆ ಮೊದಲನೆಯದು, ಆಮೇಲೆ ಎರಡನೆಯದು. ಯಾವುದೇ ಆಗಲಿ, ನೊಣ ಬೆಳೆಸುವ ಒಂದೇ ಜಾಡಿ ನಂಬಿ ಕೂರಬೇಡಿ. ಬೂಸ್ಟು ಬಂದು ಅಥವಾ ಉಣ್ಣಿಯಂಥ ಸಣ್ಣ ಹುಳ ಹತ್ತಿ ಒಂದು ಜಾಡಿ ರಾತ್ರೋರಾತ್ರಿ ಹಾಳಾಗುತ್ತದೆ. ವಾರ ಬಿಟ್ಟು ವಾರ ಹೊಸ ಜಾಡಿ ಹೂಡಿ.

ಬೆಳೆದವಕ್ಕೆ ನನ್ನ ಮೊದಲ ಮತ ನೊಣಗಳಿಗೆ, ಮನೆನೊಣ ಮತ್ತು ನೀಲಿನೊಣ. ಸಾಕುವವರು ಕೋಶದ ಹಂತದಲ್ಲೇ ಕೊಡುತ್ತಾರೆ. ಫ್ರಿಜ್‌ನಲ್ಲಿಟ್ಟರೆ ಹೊರಬರುವುದು ನಿಧಾನವಾಗುತ್ತದೆ, ಬೇಕಾದಷ್ಟನ್ನು ಹೊರಗಿಟ್ಟರೆ ಒಂದೆರಡು ದಿನದಲ್ಲಿ ನೊಣ ಸಿದ್ಧ. ಹಾರುತ್ತಾ ಚಾವಣಿಗೇ ಹೋಗುತ್ತವೆ, ಮ್ಯಾಂಟಿಸ್ ಕೂರುವುದೂ ಅಲ್ಲೇ. ಮುಖ್ಯವಾದದ್ದು ಇನ್ನೊಂದಿದೆ. ಪೊರೆ ಬಿಡುವ ಮ್ಯಾಂಟಿಸ್ ಅನ್ನು ನೊಣ ಕಡಿಯುವುದಿಲ್ಲ.

ಚಿಮ್ಮಂಡೆ ಕಡಿಯುತ್ತದೆ. ಸುಲಭವಾಗಿ ಸಿಗುತ್ತದೆ ಅನ್ನುವುದೊಂದೇ ಅದರ ಪುಣ್ಯ. ಕೊಟ್ಟರೆ ಒಂದೊಂದೇ ಕೊಡಿ, ತಿನ್ನದಿದ್ದರೆ ಅದೇ ದಿನ ತೆಗೆಯಿರಿ. ದುಬಿಯಾ ಜಿರಲೆ ಹೊಟ್ಟೆ ತುಂಬಿಸುತ್ತದೆ, ವಾಸನೆ ಕಡಿಮೆ, ನುಣುಪಾದ ಗೋಡೆ ಹತ್ತುವುದಿಲ್ಲ. ಆದರೆ ಬಿಟ್ಟ ಕೂಡಲೇ ಮಣ್ಣಿನೊಳಗೆ ಅಡಗುತ್ತದೆ. ಚಿಮುಟದಿಂದ ಕೊಡಬೇಕು. ಹೈರೊಡುಲಾ ಚಿಮುಟದಿಂದ ಕಿತ್ತುಕೊಂಡು ತಿನ್ನುತ್ತದೆ, ಪಿಟೀಲು ಮ್ಯಾಂಟಿಸ್ ಮುಖ ತಿರುಗಿಸುತ್ತದೆ. ಜಾತಿ ಆರಿಸುವಾಗಲೇ ಆಹಾರವನ್ನೂ ಆರಿಸಿದ್ದೀರಿ ಅನ್ನುವುದು ಇದಕ್ಕೇ. ಮೀಲ್‌ವರ್ಮ್ (ಒಂದು ಬಗೆಯ ಜೀರುಂಡೆಯ ಮರಿಹುಳು) ಯಾವಾಗಲಾದರೊಮ್ಮೆ ಸಾಕು.

ಮರಿಗೆ ದಿನ ಬಿಟ್ಟು ದಿನ, ದೊಡ್ಡದಕ್ಕೆ ಎರಡು ಮೂರು ದಿನಕ್ಕೊಮ್ಮೆ. ಕ್ಯಾಲೆಂಡರಿಗಿಂತ ಹೊಟ್ಟೆ ನೋಡಿ. ಚಪ್ಪಟೆಯಾಗಿದ್ದರೆ ಕೊಡಿ, ಉಬ್ಬಿದ್ದರೆ ಬಿಡಿ. ಪೊರೆ ಬಿಟ್ಟ ಮೇಲೆ ಒಂದು ದಿನ, ದೊಡ್ಡದಾದರೆ ಎರಡು ದಿನ ಏನೂ ಕೊಡಬೇಡಿ. ಬಾಯಿಯೂ ಮುಂಗಾಲೂ ಗಟ್ಟಿಯಾಗಬೇಕು.

ಒಂದೇ ಸಾಕಾ, ಜೊತೆಗೆ ಇನ್ನೊಂದಾ?

ಹೈರೊಡುಲಾ, ಚೀನಾದ್ದು, ಸ್ಫೋಡ್ರೊಮ್ಯಾಂಟಿಸ್, ಆರ್ಕಿಡ್ ಯಾವುದೇ ಆದರೂ ಒಂದು ಗೂಡಿಗೆ ಒಂದೇ. "ಒಟ್ಟಿಗೆ ಬೆಳೆದಿವೆ, ಜಗಳ ಆಡಲ್ಲ" ಅನ್ನುವ ಮಾತು ಒಂದು ಮುಂದಾಗಿ ಪೊರೆ ಬಿಟ್ಟು ದೊಡ್ಡದಾಗುವ ತನಕ ಮಾತ್ರ. ಪಿಟೀಲು ಮ್ಯಾಂಟಿಸ್ ಗುಂಪಾಗಿ ಬಾಳುತ್ತದೆ. ಘೋಸ್ಟ್ ಮ್ಯಾಂಟಿಸ್ ಒಂದೇ ಗಾತ್ರದವಾದರೆ, ಊಟ ಧಾರಾಳ ಇದ್ದರೆ, ಹೆಚ್ಚು ಕಡಿಮೆ ಬಾಳುತ್ತದೆ. ಒಂದಿಷ್ಟು ನಷ್ಟಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಇಡಬೇಕು. ಮೊದಲ ಸಲ ಎರಡು ಬೇಕೇ ಬೇಕು ಅಂದರೆ ಎರಡು ಲೋಟ ಇಡಿ.

ಕೈ ಮೇಲೆ ಬಿಟ್ಟುಕೊಳ್ಳುವ ಆಸೆ ಇದ್ದರೂ ಹೈರೊಡುಲಾ ಒಳ್ಳೆಯದು. ಹಿಡಿಯಬೇಡಿ, ಅದರ ಮುಂದೆ ಅಂಗೈ ಇಡಿ, ಹಿಂದಿನಿಂದ ಮೆಲ್ಲಗೆ ಮುಟ್ಟಿ. ತಾನೇ ಹತ್ತುತ್ತದೆ. ಮಂಚ ಅಥವಾ ಮೇಜಿನ ಮೇಲೆ ಕೂತು ಮಾಡಿ, ನಿಂತುಕೊಂಡು ಬೇಡ. ಹೊಟ್ಟೆ ತುಂಬಿದ ಹೆಣ್ಣು ಎತ್ತರದಿಂದ ಬಿದ್ದರೆ ಹೊಟ್ಟೆಯೇ ಒಡೆಯಬಹುದು. ಊಟ ಬಿಟ್ಟಿರುವ ದಿನಗಳಲ್ಲಿ, ಪೊರೆ ಬಿಟ್ಟ ಮರುದಿನ, ಮುಟ್ಟಲೇಬೇಡಿ.

ಯಾವುದನ್ನು ಆರಿಸಿದರೂ ತರುವ ಕ್ರಮ ಹೀಗಿರಲಿ. ಮೊದಲ ವಾರ ಹಣ್ಣುನೊಣದ ಜಾಡಿ ಹೂಡಿ. ಎರಡನೇ ವಾರ ಗೂಡು ಸಿದ್ಧಪಡಿಸಿ, ಇಡುವ ಜಾಗದಲ್ಲೇ ಶಾಖ, ತೇವದ ಮಾಪಕ ಇಟ್ಟು ಹಗಲು ರಾತ್ರಿ ಎರಡೂ ಹೊತ್ತು ನಾಲ್ಕೈದು ದಿನ ಬರೆದಿಡಿ. ಆ ಅಂಕಿಗಳ ಎದುರು ಮೇಲಿನ ಜಾತಿಗಳನ್ನು ಇಟ್ಟು ನೋಡಿ. ಜಾಡಿಯಲ್ಲಿ ಹೊಸ ನೊಣಗಳು ಓಡಾಡುವುದು ಕಂಡ ಮೇಲೆ ಮರಿ ತನ್ನಿ. ತಂದ ದಿನ ಊಟ ಕೊಡಬೇಡಿ, ಒಂದು ಬದಿಗೆ ನೀರು ಸಿಂಪಡಿಸಿ ಬಿಟ್ಟುಬಿಡಿ. ಸಂಜೆಯ ಹೊತ್ತಿಗೆ ಅದು ಚಾವಣಿಗೆ ಹೋಗಿ ತಲೆಕೆಳಗಾಗಿ ಕೂತು, ಬೆಕ್ಕಿನ ಹಾಗೆ ಮುಂಗಾಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರೆ ಗೂಡು ಅದಕ್ಕೆ ಒಗ್ಗಿದೆ. ಮರುದಿನ ಒಂದು ನೊಣ ಬಿಡಿ.